ಈ ಕಡೆ ಬಂದಾಗ

2023ರ ಆಗಮನಕಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನ್ನ ಮೊಬೈಲ್ ಫೋನನ್ನು ಅರ್ಧ ಗಂಟೆ ತನ್ನ ಬಳಿ ಇಟ್ಟುಕೊಂಡು, ಏನೇನೋ ಒತ್ತಿ ತಿದ್ದಿ ಹಿಂತಿರುಗಿಸುತ್ತಾ, "ಸ್ವಾಮಿ, ಇನ್ನು ನೀವು ಯಾವುದನ್ನೂ ಮರೆಯುವ ಹಾಗಿಲ್ಲ" ಎಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ಹುಡುಗ, ರಜೆಗೆ ಬಂದಿದ್ದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ನನಗೆ ಚುಚ್ಚಿತು. ಹಿಂದಿನ ವಾರವಷ್ಟೇ ಒಂದು ಕುಟುಂಬದವರು ತಮ್ಮ ತಾಯಿಯ ವರ್ಷದ ಪೂಜೆಗೆಂದು ದೂರದ ಊರುಗಳಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ, ನಾನು ಆ ತಾಯಿಯ ಹೆಸರನ್ನೇ ಎತ್ತದೆ ಬಲಿಪೂಜೆ ಮುಗಿಸಿದ್ದೆ. ಹೆಸರು ಬರೆದಿದ್ದ ಚೀಟಿ ನನ್ನ ಪ್ರಾರ್ಥನಾ ಪುಸ್ತಕದ ಪುಟಗಳ ನಡುವೆಯೇ ಇತ್ತು. ಎರಡು ಪುಟ ಹಿಂದೆ.

ನಾನು ಚೀಟಿಗಳನ್ನು ನಂಬಿ ಬದುಕಿದವನು. ಜುಬ್ಬಾದ ಜೇಬಿನಲ್ಲಿ ಒಂದು, ಮೇಜಿನ ಗಾಜಿನಡಿಯಲ್ಲಿ ನಾಲ್ಕು, ಬೈಕಿನ ಪೆಟ್ಟಿಗೆಯಲ್ಲಿ ಮಳೆಗೆ ತೊಯ್ದು ಅಕ್ಷರ ಅಳಿಸಿದವು ಎಷ್ಟೋ. ಈ ಗುಣ ನನಗೆ ತಾಯಿಯಿಂದ ಬಂದಿರಬೇಕು. ಆಕೆಗೆ ಓದುಬರಹ ಇರಲಿಲ್ಲ. ಸಂತೆಗೆ ಹೊರಡುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಒಂದು ಗಂಟೆಂದರೆ ಒಂದು ಕೆಲಸ. ಒಮ್ಮೊಮ್ಮೆ ಮನೆಗೆ ಬಂದ ಮೇಲೂ ಬಿಚ್ಚದೆ ಉಳಿದ ಗಂಟನ್ನು ಬೆರಳಲ್ಲಿ ಹಿಡಿದು, "ಇದನ್ನು ಯಾವುದಕ್ಕೆ ಹಾಕಿದ್ದೆನೋ" ಎಂದು ತಾನೇ ನಗುತ್ತಿದ್ದಳು.

ಹುಡುಗ ಹಾಕಿಕೊಟ್ಟ ಪಟ್ಟಿ ಇದಕ್ಕಿಂತ ಬಹಳ ಜಾಣತನದ್ದು. ಮಾಡಬೇಕಾದ ಕೆಲಸವನ್ನು ಬರೆದು ಅದರ ಮುಂದೆ ಗಂಟೆ ನಿಮಿಷಗಳನ್ನು ಗುರುತು ಮಾಡಬಹುದು. ಹೊತ್ತಿನ ಬದಲಿಗೆ ಸ್ಥಳವನ್ನೂ ಗುರುತು ಮಾಡಬಹುದು. ಆಗ ನಕಾಶೆಯಲ್ಲಿ ಆ ಸ್ಥಳದ ಸುತ್ತ, ಸುಮಾರು ನೂರು ಮೀಟರ್ ದೂರಕ್ಕೆ, ಒಂದು ವೃತ್ತ ಮೂಡುತ್ತದೆ. ಫೋನನ್ನು ಜೇಬಿನಲ್ಲಿಟ್ಟುಕೊಂಡು ನಾವು ಆ ವೃತ್ತದೊಳಗೆ ಕಾಲಿಟ್ಟೆವೋ, ಅದು ಸದ್ದು ಮಾಡಿ 'ಇಲ್ಲಿ ನಿನಗೊಂದು ಕೆಲಸವಿದೆ' ಎಂದು ನೆನಪಿಸುತ್ತದೆ. ಕೆಲವು ವಾರ ಕಳೆದರೆ ನಮ್ಮ ದಾರಿಯನ್ನೂ ವೇಳೆಯನ್ನೂ ತಾನಾಗಿಯೇ ಕಲಿತುಕೊಳ್ಳುತ್ತದೆ. ಮಂಗಳವಾರ ಹನ್ನೊಂದಕ್ಕೆ ನಾನು ಹಾಸನದ ಬ್ಯಾಂಕಿಗೆ ಹೋಗುವವನು ಎಂದು ಅದಕ್ಕೆ ತಿಳಿದ ಮೇಲೆ, ಅದೇ ಬೀದಿಯಲ್ಲಿ ಮಾಡಿ ಮುಗಿಸಬಹುದಾದ ಇನ್ನೆರಡು ಕೆಲಸಗಳನ್ನು ಬೆಳಿಗ್ಗೆಯೇ ಮುಂದಿಡತೊಡಗಿತು. ಹೊಸದಾಗಿ ಬಂದ ಸಹಾಯಕ ಗುರುಗಳಿಗೂ ಇಷ್ಟು ಚುರುಕಿರುವುದಿಲ್ಲ ಎಂದು ನಾನು ಊಟದ ಮೇಜಿನಲ್ಲಿ ತಮಾಷೆ ಮಾಡಿದ್ದೆ. ಸಹಾಯಕ ಗುರುಗಳು ನಗಲಿಲ್ಲ.

ಇದರ ಹಿಂದಿನ ಏರ್ಪಾಡನ್ನು ಓದಿ ತಿಳಿದಾಗ ಬೆರಗಾಯಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಅಲ್ಲಿಂದ ತಮ್ಮ ಗಡಿಯಾರದ ಹೊತ್ತನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಅವು ತಲುಪಲು ತೆಗೆದುಕೊಂಡ ಕಾಲದ ವ್ಯತ್ಯಾಸದಿಂದ ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಅಂದರೆ ಸ್ಥಳವನ್ನು ಕಂಡುಹಿಡಿಯುವುದೂ ಕಾಲದ ಲೆಕ್ಕದಿಂದಲೇ. ಈ ಸಂಕೇತವನ್ನು ಜನಸಾಮಾನ್ಯರ ಬಳಕೆಗೆ ಬರುವಾಗ ಮಸುಕು ಮಾಡುತ್ತಿದ್ದ ಅಮೆರಿಕ, 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿತು. ಅದೇ ವರ್ಷ ಅಲ್ಲಿನ ಎಂ.ಐ.ಟಿ. ಪ್ರಯೋಗಾಲಯದ ನಟಾಲಿಯಾ ಮರ್ಮಾಸ್ ಮತ್ತು ಕ್ರಿಸ್ ಶ್ಮಾಂಟ್ ಎಂಬವರು ಸ್ಥಳವನ್ನರಿತು ಕೆಲಸವನ್ನು ನೆನಪಿಸುವ ವ್ಯವಸ್ಥೆಯೊಂದನ್ನು ವಿವರಿಸಿದರು. ಅದು ನಮ್ಮ ಮನೆ ಯಾವುದು, ಕಚೇರಿ ಯಾವುದು ಎಂದು ಕಲಿಯುತ್ತಿದ್ದ ಬಗೆ ಸ್ವಾರಸ್ಯವಾಗಿದೆ. ಮನುಷ್ಯ ಸೂರಿನಡಿಗೆ ಹೋದೊಡನೆ ಉಪಗ್ರಹದ ಸಂಕೇತ ಕಡಿದುಹೋಗುತ್ತದಷ್ಟೆ; ಒಂದೇ ಜಾಗದಲ್ಲಿ ಮೂರು ಸಲ ಹಾಗಾದರೆ, 'ಇಲ್ಲಿ ಒಂದು ಕಟ್ಟಡವಿರಬೇಕು, ಇದಕ್ಕೆ ಹೆಸರೇನು?' ಎಂದು ಕೇಳುತ್ತಿತ್ತು. ಒಬ್ಬರ ಮನೆ ಬಾಗಿಲಾಚೆಗೆ ನಾವು ಕಾಣೆಯಾಗುವುದೇ ಅದಕ್ಕೆ ಸಿಗುತ್ತಿದ್ದ ಸುಳಿವು. ಒಳಗೆ ಏನು ನಡೆಯಿತು ಎಂಬುದು ಅದರ ಲೆಕ್ಕಕ್ಕೆ ಬರುವಂಥದ್ದಲ್ಲ. 2011ರಲ್ಲಿ ಆಪಲ್ ಸಂಸ್ಥೆ ಇಂಥ ಸೌಲಭ್ಯವನ್ನು ತನ್ನ ಐಫೋನಿನೊಳಗೇ ಇರಿಸಿತು. ಅಲ್ಲಿಂದ ಮುಂದೆ ಇದು ಪ್ರಯೋಗಾಲಯದ ವಸ್ತುವಾಗಿ ಉಳಿಯಲಿಲ್ಲ.

ಬೆರಗಾಯಿತೆಂದೆ, ಆದರೆ ಹೊಸದೆನಿಸಲಿಲ್ಲ. ಹೊತ್ತಿನಿಂದಲೂ ಸ್ಥಳದಿಂದಲೂ ನೆನಪನ್ನು ಎಚ್ಚರಿಸುವ ಉಪಾಯ ನಮ್ಮ ವಿಶ್ವಾಸದ ಮೂಲದಲ್ಲಿಯೇ ಇದೆ. ದೇವರ ಆಜ್ಞೆಯನ್ನು ಮರೆಯದಿರಲು ಇಸ್ರಯೇಲರು ಏನು ಮಾಡಬೇಕೆಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ಹೇಳುವಾಗ, ಮಲಗುವ ಹೊತ್ತು, ಏಳುವ ಹೊತ್ತು, ಮನೆಯೊಳಗು, ನಡೆಯುವ ದಾರಿ, ಕೊನೆಗೆ ಬಾಗಿಲ ಚೌಕಟ್ಟು ಎಲ್ಲವನ್ನೂ ಹೆಸರಿಸುತ್ತದೆ. ದೇವಾಲಯದ ಬಾಗಿಲಲ್ಲಿ ತೀರ್ಥದ ಬಟ್ಟಲನ್ನು ಇಟ್ಟಿರುವುದು ಇನ್ನೇತಕ್ಕೆ? ಆ ಹೊಸ್ತಿಲಿಗೆ ಬಂದಾಗ ಸ್ನಾನದೀಕ್ಷೆ ನೆನಪಾಗಲಿ ಎಂದು. ಊರ ಗಂಟೆಯ ಸದ್ದಿಗೆ ಗದ್ದೆಯಲ್ಲಿ ನಿಂತಲ್ಲೇ ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದ ಹಿರಿಯರನ್ನು ನಾನೇ ಕಂಡಿದ್ದೇನೆ.

ಗುರುಮಠದಲ್ಲಿ ನಮ್ಮನ್ನು ಗಂಟೆಯೇ ಆಳುತ್ತಿತ್ತು. ಗಂಟೆ ದೇವರ ದನಿ ಎಂದು ಮೊದಲ ದಿನವೇ ಕಲಿಸಿದ್ದರು. ಬರೆಯುತ್ತಿದ್ದ ಅಕ್ಷರವನ್ನು ಪೂರ್ಣಗೊಳಿಸದೆಯೇ ಏಳಬೇಕು. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ಮಠದ ನಿಯಮಾವಳಿಯ 43ನೆಯ ಅಧ್ಯಾಯದಲ್ಲಿ ಇದು ಸ್ಪಷ್ಟವಾಗಿದೆ: ಪ್ರಾರ್ಥನೆಯ ಸಂಕೇತ ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಧಾವಿಸಬೇಕು. ಈ ಅಧ್ಯಾಯವನ್ನು ನಮಗೆ ಹಲವು ಬಾರಿ ಓದಿ ಹೇಳಿದರು. ಅದೇ ನಿಯಮಾವಳಿಯ 53ನೆಯ ಅಧ್ಯಾಯ ಅತಿಥಿಗಳನ್ನು ಕುರಿತದ್ದು. ಅತಿಥಿಗಳು ಹೊತ್ತುಗೊತ್ತಿಲ್ಲದೆ ಬರುವವರೆಂಬುದನ್ನು ಬೆನೆಡಿಕ್ಟರು ಅಲ್ಲಿ ಒಪ್ಪಿಕೊಂಡು, ಬಂದವರನ್ನು ಕ್ರಿಸ್ತನನ್ನೇ ಬರಮಾಡಿಕೊಳ್ಳುವಂತೆ ಬರಮಾಡಿಕೊಳ್ಳಬೇಕು ಎನ್ನುತ್ತಾರೆ. ಎರಡು ಅಧ್ಯಾಯಗಳ ನಡುವೆ ಕೇವಲ ಹತ್ತು ಅಧ್ಯಾಯಗಳ ಅಂತರ. ನನಗೆ ಮೊದಲನೆಯದು ಮೈಗೂಡಿದಷ್ಟು ಎರಡನೆಯದು ಮೈಗೂಡಲಿಲ್ಲ.

ಪಟ್ಟಿಯಿಂದ ಉಪಕಾರವಾಗಲಿಲ್ಲವೆಂದು ಹೇಳಿದರೆ ಸುಳ್ಳಾಡಿದಂತೆ. ಓಸ್ತಿ ಮುಗಿಯುವ ಮುನ್ನವೇ ತರಿಸಿದೆ. ವರ್ಷದ ಪೂಜೆಯ ಹೆಸರುಗಳು ತಪ್ಪಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಹೋಗುವಾಗ ಅಭ್ಯಂಗ ತೈಲದ ಡಬ್ಬಿ ಜೊತೆಗಿದೆಯೇ ಎಂದು ಫೋನೇ ವಿಚಾರಿಸುತ್ತಿತ್ತು. ತೊಂದರೆಗಳೂ ಇದ್ದವು. ಕಾಫಿ ಎಸ್ಟೇಟುಗಳ ಕಣಿವೆಗಿಳಿದರೆ ಅದಕ್ಕೆ ಜ್ಞಾನ ತಪ್ಪುತ್ತಿತ್ತು. ಮೇಲೆ ಬಂದ ಮೇಲೆ ಕಳೆದುಹೋದ ಊರುಗಳ ಕೆಲಸವನ್ನೆಲ್ಲ ಒಟ್ಟಿಗೆ ಒದರುತ್ತಿತ್ತು. ಇನ್ನೊಂದು ಮುಜುಗರವನ್ನೂ ಹೇಳಬೇಕು. ಗುರುವಾದವನು ಯಾರ ಮನೆಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಹೋದನೆಂಬುದು ಬೇರೆಯವರ ಗುಟ್ಟು. ಅದನ್ನು ಕಾಣದ ದೇಶದ ಕಂಪ್ಯೂಟರಿನ ವಶಕ್ಕೆ ಕೊಡುವ ಅಧಿಕಾರ ನನಗಿಲ್ಲ. ಆದುದರಿಂದ ಪಟ್ಟಿಯಲ್ಲಿ ವಸ್ತುಗಳ ಹೆಸರನ್ನಷ್ಟೇ ಬರೆಯುತ್ತಿದ್ದೆ, ಜನರ ಹೆಸರನ್ನು ಬರೆಯುತ್ತಿರಲಿಲ್ಲ. ಈ ಎಚ್ಚರಿಕೆ ಒಳ್ಳೆಯದೇ. ಆದರೆ ಅದರಿಂದಾಗಿ ನನ್ನ ಪಟ್ಟಿಯಲ್ಲಿ ವಸ್ತುಗಳಷ್ಟೇ ಉಳಿದವೆಂಬುದು ಆಗ ಹೊಳೆದಿರಲಿಲ್ಲ.

2024ರ ಜನವರಿಯ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ನಮ್ಮ ಉಪಕೇಂದ್ರದ ಕಡೆಯ ಹಿರಿಯರೊಬ್ಬರು ಮುರಿದ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಊರವರು ಅವರನ್ನು ಮೇಸ್ತ್ರಿ ತಾತ ಎನ್ನುತ್ತಾರೆ. ವಯಸ್ಸು ಎಂಬತ್ತು ದಾಟಿದೆ. ಬಡಗಿಯ ಕೆಲಸ ಮಾಡಿದವರು. ನಮ್ಮ ದೇವಾಲಯದ ಮುಂಬಾಗಿಲೂ ಪಾಪನಿವೇದನೆಯ ಪೀಠವೂ ಅವರ ಕೈಯಲ್ಲಿ ಆದವು. ಕನ್ನಡಕದ ಒಂದು ಕಡೆಯ ಕಡ್ಡಿ ಮುರಿದಿತ್ತು. "ಪೇಟೆಗೆ ಹೋದಾಗ ಹಾಕಿಸಿಕೊಡಿ ಸ್ವಾಮಿ. ಅವಸರವೇನೂ ಇಲ್ಲ. ಈ ಕಡೆ ಬಂದಾಗ ತಂದುಕೊಟ್ಟರಾಯಿತು" ಎಂದರು.

ಅವರ ಮಗ ವಾರಕ್ಕೆರಡು ಸಲ ಪೇಟೆಗೆ ಹೋಗಿಬರುವವನು. ಅವನ ಕೈಯಲ್ಲಿ ಏಕೆ ಕೊಡಲಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು.

ಪಟ್ಟಿಯಲ್ಲಿ ಎರಡು ಸಾಲು ಬರೆದೆ. ಒಂದಕ್ಕೆ ಹಾಸನದ ಕನ್ನಡಕದ ಅಂಗಡಿಯ ಬೀದಿಯನ್ನು ಗುರುತು ಹಾಕಿದೆ. ಇನ್ನೊಂದಕ್ಕೆ ತಾತನ ಮನೆಯ ಓಣಿಯನ್ನು. ಮಂಗಳವಾರ ಬ್ಯಾಂಕಿನಿಂದ ಹೊರಬಂದಾಗ ಫೋನು ಕೂಗಿತು, ಕಡ್ಡಿ ಹಾಕಿಸಿದೆ. ಗುರುವಾರ ಉಪಕೇಂದ್ರದ ಪೂಜೆ ಮುಗಿಸಿ ನಾಲ್ಕು ಗಂಟೆಯ ಹೊತ್ತಿಗೆ ಹಿಂತಿರುಗುವಾಗ ಓಣಿಯ ಬಾಯಲ್ಲಿ ಮತ್ತೆ ಕೂಗಿತು. ಬೈಕು ನಿಲ್ಲಿಸಿದೆ. ಐದಕ್ಕೆ ಪಾಲನಾ ಸಮಿತಿಯ ಸಭೆಯಿತ್ತು. ಅಷ್ಟರಲ್ಲಿ ನಮ್ಮ ಪೀಠಬಾಲಕನೊಬ್ಬ ಶಾಲೆಯ ಚೀಲ ಹೊತ್ತು ಅದೇ ಓಣಿಯೊಳಗೆ ಹೊರಟಿದ್ದ. "ಇದನ್ನು ಮೇಸ್ತ್ರಿ ತಾತನಿಗೆ ಕೊಟ್ಟುಬಿಡು ಮರಿ" ಎಂದು ಅವನ ಕೈಗಿತ್ತು, ಎರಡನೆಯ ಸಾಲಿಗೂ ಗುರುತು ಹಾಕಿ ಮುಂದೆ ಹೋದೆ. ಸಾಲು ಮಸುಕಾಗಿ ಪಟ್ಟಿಯಿಂದ ಮರೆಯಾಯಿತು. ಬೈಕಿನ ಎಂಜಿನನ್ನು ಆರಿಸಿರಲೂ ಇಲ್ಲ. ಅಂದಿನ ಸಭೆಗೆ ನಾನು ಸರಿಯಾದ ಹೊತ್ತಿಗೆ ತಲುಪಿದೆ, ಮನಸ್ಸಿಗೆ ಹಿತವಾಗಿತ್ತು.

ಆಮೇಲೆ ತಪಸ್ಸುಕಾಲ ಬಂತು. ಶಿಲುಬೆಯ ಹಾದಿ, ಧ್ಯಾನಕೂಟ, ಮನೆಮನೆ ಪ್ರಾರ್ಥನೆ. ಗುರುವಾರದ ಪೂಜೆಗೆ ಸಹಾಯಕ ಗುರುಗಳನ್ನು ಕಳುಹಿಸಿದೆ. ತಾತ ಭಾನುವಾರದ ಪೂಜೆಗೆ ಬರುವುದು ನಿಂತಿದ್ದನ್ನು ಗಮನಿಸಿದ್ದೆನೋ ಇಲ್ಲವೋ ಈಗ ಹೇಳಲಾರೆ. ಪಾಸ್ಖ ಹಬ್ಬ ಕಳೆದು ಎರಡು ವಾರಕ್ಕೆ ಅವರ ಸೊಸೆ ಏನೋ ದಾಖಲೆ ಪತ್ರಕ್ಕಾಗಿ ಗುರುಮನೆಗೆ ಬಂದಳು. ಮಾತಿಗೆ, "ತಾತನ ಕನ್ನಡಕ ಸರಿಹೋಯಿತೇನಮ್ಮ?" ಎಂದು ಕೇಳಿದೆ. ಉಪಕಾರ ಮಾಡಿದವನ ಪ್ರಶ್ನೆ ಅದು. ಸ್ವಲ್ಪ ಕೃತಜ್ಞತೆಯನ್ನೂ ನಿರೀಕ್ಷಿಸಿದ್ದೆನೋ ಏನೋ.

"ಸರಿಹೋಯಿತು ಸ್ವಾಮಿ" ಎಂದಳು. ತುಸು ತಡೆದು, "ಆವತ್ತು ನೀವು ಬರುತ್ತೀರೆಂದು ಮಾವ ಮಧ್ಯಾಹ್ನವೇ ಗಡ್ಡ ಕೆರೆದುಕೊಂಡು ಬಿಳಿ ಅಂಗಿ ಹಾಕಿ ಕೂತಿದ್ದರು. ಹಿಂದಿನ ಗುರುವಾರವೂ ಹಾಗೇ ಕೂತಿದ್ದರು. ನಾಲ್ಕು ಗಂಟೆಗೆ ನಿಮ್ಮ ಬೈಕಿನ ಸದ್ದು ಓಣಿಗೆ ಬರುತ್ತದಲ್ಲ, ಅದು ಅವರಿಗೆ ಗೊತ್ತು. ಆವತ್ತು ಸದ್ದು ನಿಂತಾಗ ಎದ್ದು ನಿಂತು, ಇಬ್ಬರಿಗೆ ಕಾಫಿ ಇಡು ಎಂದು ನನಗೆ ಹೇಳಿದರು. ಆಮೇಲೆ ಸದ್ದು ಮುಂದಕ್ಕೆ ಹೋಯಿತು" ಎಂದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ, ನಡೆದದ್ದನ್ನು ಹೇಳಿದಳು, ಅಷ್ಟೇ. "ನಿಮ್ಮ ಹತ್ತಿರ ಏನೋ ಹೇಳಬೇಕೆಂದಿದ್ದರು ಸ್ವಾಮಿ. ನಮಗೆ ಹೇಳಲಿಲ್ಲ."

ನಮ್ಮ ಕಡೆ ಯಾರೂ 'ನನ್ನ ಮನೆಗೆ ಬನ್ನಿ, ನಿಮ್ಮೊಡನೆ ಮಾತನಾಡಬೇಕು' ಎನ್ನುವುದಿಲ್ಲ. ಹಾಗೆ ಕೇಳಿಬಿಟ್ಟರೆ ಬರುವವರಿಗೆ ಭಾರ ಹೊರಿಸಿದಂತೆ ಎಂಬ ಸಂಕೋಚ. 'ಈ ಕಡೆ ಬಂದಾಗ' ಎನ್ನುತ್ತಾರೆ. ಅದರ ಅರ್ಥ 'ಬನ್ನಿ' ಎಂದೇ. 'ಅವಸರವೇನೂ ಇಲ್ಲ' ಎಂಬುದಕ್ಕೂ ಹಲವು ಸಲ ಅದೇ ಅರ್ಥ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ನುಡಿ ಹೊಸದಲ್ಲ. ನನ್ನ ತಾಯಿಯೂ ಊರ ಗುರುಗಳಿಗೆ ಹೀಗೆಯೇ ಹೇಳಿ ಬಾಗಿಲು ಸಾರಿಸಿ ಕಾಯುತ್ತಿದ್ದಳು. ಆದರೆ ನಾನು ಆ ಮಾತನ್ನು ನೂರು ಮೀಟರಿನ ವೃತ್ತವಾಗಿ ಬರೆದುಕೊಂಡೆ. ಯಂತ್ರ ತನಗೆ ಹೇಳಿದ್ದನ್ನು ಅಕ್ಷರಶಃ ಮಾಡಿತು. ಅದರ ಮೇಲೆ ತಪ್ಪು ಹೊರಿಸಲು ನಾನು ಕೆಲವು ದಿನ ಪ್ರಯತ್ನಿಸಿದ್ದುಂಟು. ಆಗಲಿಲ್ಲ. ಹೊತ್ತು ಸರಿಯಿತ್ತು, ಸ್ಥಳ ಸರಿಯಿತ್ತು, ಓಣಿಯ ಬಾಯಲ್ಲಿ ಅದು ನನ್ನನ್ನು ನಿಲ್ಲಿಸಿಯೂ ಇತ್ತು. ಅದು ನನ್ನ ಕೈಗೆ ಕೊಟ್ಟ ಆ ನಿಮಿಷವನ್ನು ನಾನು ಪೀಠಬಾಲಕನ ಕೈಗೆ ದಾಟಿಸಿದೆ.

ಇಂಥ ಪಟ್ಟಿಗಳನ್ನು ಪರೀಕ್ಷಿಸಿದವರಿಗೂ ಇದಕ್ಕೆ ಹತ್ತಿರದ ಸಂಗತಿಯೊಂದು ಗೋಚರಿಸಿತ್ತೆಂದು ಆಮೇಲೆ ಓದಿದೆ. 2005ರಲ್ಲಿ ಸಂಶೋಧಕರ ತಂಡವೊಂದು ಪ್ಲೇಸ್-ಇಟ್ಸ್ ಎಂಬ ಹೆಸರಿನ ಸ್ಥಳಾಧಾರಿತ ನೆನಪೋಲೆಯನ್ನು ಮೊಬೈಲ್ ಫೋನಿನಲ್ಲಿ ಅಳವಡಿಸಿ, ಕೆಲವರಿಗೆ ಬಳಸಲು ಕೊಟ್ಟು ನೋಡಿತು. ಜನರು ಸ್ಥಳವನ್ನು ಗುರುತು ಮಾಡುತ್ತಿದ್ದರೂ ಅವರ ಮನಸ್ಸಿನಲ್ಲಿದ್ದುದು ಬಹಳ ಸಲ ಸ್ಥಳವಾಗಿರಲಿಲ್ಲ. ಯಂತ್ರ ಹಿಡಿಯಲಾರದ ಬೇರೆ ಏನನ್ನೋ ಸೂಚಿಸಲು ಸ್ಥಳದ ಹೆಸರನ್ನು ಬಳಸುತ್ತಿದ್ದರು ಎಂದು ಆ ತಂಡ ಬರೆದಿದೆ. 'ಮನೆ' ಎಂದು ಗುರುತು ಹಾಕುವವನಿಗೆ ಬೇಕಾದುದು ಆ ಕಟ್ಟಡವಲ್ಲ, ಅಲ್ಲಿ ಸಿಗುವ ಬಿಡುವು ಇರಬಹುದು, ಅಲ್ಲಿರುವ ಒಬ್ಬರು ಇರಬಹುದು. ಮೇಸ್ತ್ರಿ ತಾತನ ಕನ್ನಡಕವೂ ಅಂಥದೇ ಒಂದು ಗುರುತು. ಅಥವಾ ನನ್ನ ತಾಯಿಯ ಸೆರಗಿನ ಗಂಟು.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಕುರಿತು ನಾನು ಎಷ್ಟೋ ಪ್ರಬೋಧನೆಗಳನ್ನು ಮಾಡಿದ್ದೇನೆ. ಯೇಸುಸ್ವಾಮಿ ಯಾಯೀರನ ಮನೆಗೆ ಹೊರಟಿದ್ದಾರೆ. ಅವನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಅದಕ್ಕಿಂತ ಅವಸರದ ಕೆಲಸ ಇನ್ನೊಂದಿಲ್ಲ. ದಾರಿಯಲ್ಲಿ ಹನ್ನೆರಡು ವರ್ಷಗಳ ರಕ್ತಸ್ರಾವದಿಂದ ಬಳಲಿದ ಹೆಂಗಸು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ, ಆ ಕ್ಷಣದಲ್ಲೇ ಗುಣವಾಗುತ್ತಾಳೆ. ವಿಶ್ವಾಸದ ಬಲವನ್ನು ಕುರಿತು ಹೇಳಿ ನಾನು ಮುಂದೆ ಹೋಗುತ್ತಿದ್ದೆ. ಈಗ ನನ್ನ ಗಮನ ಬೇರೆಡೆ ನಿಲ್ಲುತ್ತದೆ. ಆಕೆಯ ಕೆಲಸ ಆಗಿಹೋಗಿತ್ತು. ರೋಗ ಹೋಗಿತ್ತು. ಪಟ್ಟಿಯಿದ್ದಿದ್ದರೆ ಆ ಸಾಲಿಗೆ ಗುರುತು ಬಿದ್ದಿರುತ್ತಿತ್ತು. ಆದರೂ ಯೇಸು ನಿಂತುಬಿಟ್ಟರು. ಮುಟ್ಟಿದವರು ಯಾರೆಂದು ಕೇಳಿದರು. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಅನ್ನಿಸಿತು. ಆಕೆ ನಡುಗುತ್ತಾ ಮುಂದೆ ಬಂದು ನಡೆದುದನ್ನೆಲ್ಲ ಹೇಳಿಕೊಳ್ಳುವವರೆಗೂ ಅವರು ಕದಲಲಿಲ್ಲ. ಹನ್ನೆರಡು ವರ್ಷದ ಕಥೆ. ಎಷ್ಟು ಹೊತ್ತು ಹಿಡಿಯಿತೋ. ಪಕ್ಕದಲ್ಲಿ ನಿಂತ ಯಾಯೀರನ ಮುಖವನ್ನು ನಾನು ಊಹಿಸಿಕೊಳ್ಳಬಲ್ಲೆ, ಏಕೆಂದರೆ ನನ್ನೊಳಗಿರುವುದು ಅವನ ಗಡಿಬಿಡಿಯೇ. ಆಕೆಯ ಮಾತು ಮುಗಿಯುವಷ್ಟರಲ್ಲಿ ಅವನ ಮಗಳ ಸಾವಿನ ಸುದ್ದಿ ಬಂತೆಂಬುದನ್ನೂ ಮಾರ್ಕ ಮುಚ್ಚಿಡುವುದಿಲ್ಲ.

ಸೊಸೆ ಹೇಳಿದ ಮಾರನೆಯ ದಿನವೇ ತಾತನ ಮನೆಗೆ ಹೋದೆ. ಅಂಗಳದಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತಿದ್ದರು. ಕನ್ನಡಕ ಹಾಕಿಕೊಂಡಿದ್ದರು. ನನ್ನನ್ನು ಕಂಡು ಎದ್ದುನಿಂತು ಕೈಮುಗಿದರು. "ಏನೋ ಹೇಳಬೇಕೆಂದಿದ್ದಿರಂತೆ, ಮೇಸ್ತ್ರಿಗಳೇ" ಎಂದೆ.

ಅವರು ಬಹಳ ಹೊತ್ತು ಯೋಚಿಸಿದರು. ಅಂಗೈಯನ್ನು ಕುರ್ಚಿಯ ತೋಳಿನ ಮೇಲೆ, ಮರದ ನಯವನ್ನು ನೋಡುವವರಂತೆ, ಹಿಂದೆ ಮುಂದೆ ಸವರುತ್ತಿದ್ದರು. "ಹೌದು ಸ್ವಾಮಿ, ಒಂದು ಮಾತಿತ್ತು. ಬಹಳ ದಿನದ ಮಾತು" ಎಂದರು. ಮತ್ತೆ ಯೋಚಿಸಿದರು. ಆಮೇಲೆ ನನ್ನ ಮುಖವನ್ನು ನೋಡಿ, ನಾಚಿಕೊಂಡವರಂತೆ ನಕ್ಕು, "ಮರೆತುಹೋಯಿತು" ಎಂದರು.

ಚಳಿಗಾಲ ಕಳೆದಾಗಿನಿಂದ ಹೀಗೆಯೇ, ಒಂದೊಂದಾಗಿ ಎಲ್ಲ ಮರೆಯುತ್ತಿದ್ದಾರೆ ಎಂದು ಸೊಸೆ ಒಳಗಿನಿಂದ ಬಂದು ಮೆಲ್ಲನೆ ಹೇಳಿದಳು. ವಯಸ್ಸಿನ ಮರೆವು, ಮಾಡುವಂಥದ್ದು ಹೆಚ್ಚೇನಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತು ಏನಿದ್ದಿರಬಹುದೆಂದು ನಾನು ಅನೇಕ ರಾತ್ರಿ ಯೋಚಿಸಿದ್ದೇನೆ. ಯಾವುದೋ ಹಳೆಯ ಜಗಳವೋ, ಯಾರಿಗೋ ಕೊಡಬೇಕಾದ ಬಾಕಿಯೋ, ನಾಲ್ಕು ವರ್ಷಗಳಿಂದ ನಾನು ಕೂರುತ್ತಿರುವ, ಅವರೇ ಮಾಡಿದ ಆ ಪೀಠದ ಮುಂದೆ ಮೊಣಕಾಲೂರಿ ಹೇಳಲಾಗದೆ ಮನೆಯಲ್ಲಿ ಹೇಳೋಣವೆಂದುಕೊಂಡ ಪಾಪವೋ. ಅಥವಾ ಬರಿಯ ಕಾಫಿಯೋ. ದೇವರಿಗೆ ಗೊತ್ತು ಎಂದು ನಾವು ಗುರುಗಳು ಬಹಳ ಸುಲಭವಾಗಿ ಹೇಳುತ್ತೇವೆ. ಆ ದಿನ ಅವರಿಗೆ ಆಶೀರ್ವಾದ ಮಾಡಿ, ಪಾಪಕ್ಷಮೆಯ ಪ್ರಾರ್ಥನೆಯನ್ನು ಹೇಳಿದೆ. ಅವರು ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡರು.

ಪಟ್ಟಿಯನ್ನು ನಾನು ಬಿಟ್ಟಿಲ್ಲ. ಬಿಡುವಷ್ಟು ನೆನಪಿನ ಶಕ್ತಿ ನನಗಿಲ್ಲ, ಐವತ್ತು ದಾಟಿ ಕೆಲವು ವರ್ಷಗಳಾದವು. ಅಂದು ಸಂಜೆ ಗುರುಮನೆಗೆ ಬಂದು ಆ ಓಣಿಯನ್ನು ಮತ್ತೆ ಪಟ್ಟಿಗೆ ಸೇರಿಸಿದೆ, ಪ್ರತಿ ಗುರುವಾರಕ್ಕೆ. ಕೆಲಸವನ್ನು ಬರೆಯುವ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಖಾಲಿ ಬಿಟ್ಟರೆ ಫೋನು ಒಪ್ಪಲಿಲ್ಲ. ಕೊನೆಗೆ ಒಂದು ಚುಕ್ಕೆಯನ್ನು ಇಟ್ಟೆ.

ಗುರುವಾರ ನಾಲ್ಕು ಗಂಟೆಗೆ ಓಣಿಯ ಬಾಯಲ್ಲಿ ಫೋನು ಕೂಗಿ ಆ ಚುಕ್ಕೆಯನ್ನು ತೋರಿಸುತ್ತದೆ. ಬೈಕಿನ ಎಂಜಿನನ್ನು ಆರಿಸಿ ಒಳಗೆ ಹೋಗುತ್ತೇನೆ. ತಾತ ಕೆಲವು ದಿನ ನನ್ನ ಗುರುತು ಹಿಡಿಯುತ್ತಾರೆ, ಕೆಲವು ದಿನ ಹಿಂದಿದ್ದ ಗುರುಗಳ ಹೆಸರಿನಿಂದ ಕರೆಯುತ್ತಾರೆ. ಸೊಸೆ ಇಬ್ಬರಿಗೆ ಕಾಫಿ ತರುತ್ತಾಳೆ. ಕಳೆದ ವಾರ ಅವರು ಬಹಳ ಹೊತ್ತು ಅಂಗಿಯ ಜೇಬನ್ನು ತಡಕುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದೆ. ಕನ್ನಡಕ, ಎಂದರು. ಅದು ಅವರ ಮೂಗಿನ ಮೇಲೆಯೇ ಇತ್ತು. ನಾನೂ ಅವರೊಡನೆ ಕುರ್ಚಿಯ ಕೆಳಗೆ, ಕಿಟಕಿಯ ಬಳಿ, ಸ್ವಲ್ಪ ಹೊತ್ತು ಹುಡುಕಿದೆ.